ತಡಿಕೆಯ ಈಚೆ ಆಚೆ: ರಂಗದ ಮೇಲೆ ಶೆರಿಡನ್ನನ ‘ದಿ ಸ್ಕೂಲ್ ಫಾರ್ ಸ್ಕ್ಯಾಂಡಲ್’

ಒಂದು ಕಾಲದ ಒಂದು ವರ್ಗದ ಜನ ಹೇಗೆ ಉಡುತ್ತಾರೆ, ಹೇಗೆ ಮಾತನಾಡುತ್ತಾರೆ, ಯಾವುದನ್ನು ಮರ್ಯಾದೆಯೆಂದು ಎತ್ತಿ ತೋರಿಸಿ ಯಾವುದನ್ನು ಬಚ್ಚಿಡುತ್ತಾರೆ ಎಂಬುದನ್ನೇ ವಸ್ತುವಾಗಿ ಮಾಡಿಕೊಂಡು, ಅವರ ನಡೆಗೂ ನುಡಿಗೂ ನಡುವೆ ಬಿಟ್ಟ ಬಿರುಕಿನಿಂದ ನಗೆ ಹುಟ್ಟಿಸುವ ನಾಟಕಪ್ರಕಾರಕ್ಕೆ ಇಂಗ್ಲಿಷ್ ವಿಮರ್ಶೆಯಲ್ಲಿ ‘ಕಾಮೆಡಿ ಆಫ್ ಮ್ಯಾನರ್ಸ್’ ಎಂದು ಹೆಸರು. ಕನ್ನಡದಲ್ಲಿ ಅದನ್ನು ನಡಾವಳಿಯ ಹಾಸ್ಯನಾಟಕ ಎನ್ನಬಹುದು. ಲಂಡನ್ನಿನಲ್ಲಿ 1660ರಲ್ಲಿ ಅರಸೊತ್ತಿಗೆ ಮರಳಿ ಬಂದು, ಮುಚ್ಚಿದ್ದ ನಾಟಕಶಾಲೆಗಳು ತೆರೆದ ಮೇಲೆ ಎಥರಿಜ್, ವಿಚರ್ಲಿ ಮೊದಲಾದವರ ಕೈಯಲ್ಲಿ ಈ ಪ್ರಕಾರ ಬೆಳೆಯಿತು. 1700ರಲ್ಲಿ ರಂಗಕ್ಕೆ ಬಂದ ಕಾಂಗ್ರೀವನ ‘ದಿ ವೇ ಆಫ್ ದಿ ವರ್ಲ್ಡ್’ ಅದರ ಒಂದು ಶಿಖರ. ಅನಂತರ ನಗುವಿಗಿಂತ ಕಣ್ಣೀರಿಗೆ, ಚುರುಕುಮಾತಿಗಿಂತ ಸದುಪದೇಶಕ್ಕೆ ಬೆಲೆ ಬಂದು, ಹಾಸ್ಯನಾಟಕವೆಂಬ ಹೆಸರಿನಲ್ಲಿ ನೀತಿಪಾಠಗಳು ಪ್ರದರ್ಶನಗೊಳ್ಳತೊಡಗಿದವು. ಅದರ ವಿರುದ್ಧ 1770ರ ದಶಕದಲ್ಲಿ ಗೋಲ್ಡ್‌ಸ್ಮಿತ್ ಮತ್ತು ಶೆರಿಡನ್ ನಗೆಯ ನಾಟಕವನ್ನು ರಂಗಕ್ಕೆ ಮರಳಿ ತಂದರು. ರಿಚರ್ಡ್ ಬ್ರಿನ್ಸ್‌ಲಿ ಶೆರಿಡನ್ನನ ‘ದಿ ಸ್ಕೂಲ್ ಫಾರ್ ಸ್ಕ್ಯಾಂಡಲ್’, ಅಂದರೆ ಅಪವಾದದ ಪಾಠಶಾಲೆ, 1777ರ ಮೇ 8ರಂದು ಲಂಡನ್ನಿನ ಡ್ರೂರಿ ಲೇನ್ ನಾಟಕಶಾಲೆಯಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡಿತು. ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳು ಈ ನಾಟಕವನ್ನು ಬಲ್ಲರು. ಆದರೆ ಪುಸ್ತಕದಲ್ಲಿ ಓದಿದವರಿಗೆ ದಕ್ಕುವುದು ಇದರ ಮಾತುಗಾರಿಕೆ ಮಾತ್ರ. ಉದ್ದಕ್ಕೂ ಮಾತಿನದೇ ಮೇಲಾಟವಿರುವ ಈ ಕೃತಿಯಲ್ಲಿ ನಿರ್ಣಾಯಕವಾದ ಎರಡು ಗಳಿಗೆಗಳನ್ನು ನಡೆಸುವವು ಒಂದು ಪಟ ಮತ್ತು ಒಂದು ತಡಿಕೆ. ಇವೆರಡೂ ಕಣ್ಣಿಗೆ ಕಾಣಬೇಕಾದ ವಸ್ತುಗಳು.

ನಾಟಕವನ್ನು ಬರೆದಾಗ ಶೆರಿಡನ್ನನಿಗೆ ಇಪ್ಪತ್ತೈದು ವರ್ಷ. ಡಬ್ಲಿನ್ನಿನಲ್ಲಿ ಹುಟ್ಟಿ ಬಾತ್ ಪಟ್ಟಣದಲ್ಲಿ ಯೌವನಕ್ಕೆ ಬಂದ ಅವನು ಅಪವಾದದ ರುಚಿಯನ್ನು ಮೈಮೇಲೆಯೇ ಕಂಡವನು. ಅವನು ಮದುವೆಯಾದ ಎಲಿಜಬೆತ್ ಲಿನ್ಲಿ ಹೆಸರಾಂತ ಗಾಯಕಿಯಾಗಿದ್ದು, ಆಕೆಗೆ ನಿಶ್ಚಯವಾಗಿದ್ದ ಒಂದು ಮದುವೆ ಮುರಿದುಬಿದ್ದ ಸಂಗತಿಯನ್ನೇ ಸ್ಯಾಮ್ಯುಯೆಲ್ ಫೂಟ್ ಎಂಬ ನಟ 1771ರಲ್ಲಿ ‘ದಿ ಮೇಡ್ ಆಫ್ ಬಾತ್’ ಎಂಬ ನಾಟಕವಾಗಿ ಆಡಿಸಿ ಊರನ್ನು ನಗಿಸಿದ್ದ. ಮರುವರ್ಷ ಆಕೆ ಶೆರಿಡನ್ನನ ಜೊತೆ ಫ್ರಾನ್ಸಿಗೆ ಓಡಿಹೋದಳು. ಆಕೆಯ ಬೆನ್ನು ಬಿದ್ದಿದ್ದ ಮ್ಯಾಥ್ಯೂಸ್ ಎಂಬವನು ಪತ್ರಿಕೆಯಲ್ಲಿ ಶೆರಿಡನ್ನನನ್ನು ಹೀಯಾಳಿಸಿ ಪ್ರಕಟಣೆ ಕೊಟ್ಟ. ಅದು ಎರಡು ಕತ್ತಿಕಾಳಗಗಳವರೆಗೆ ಬೆಳೆದು, ಎರಡನೆಯದರಲ್ಲಿ ಶೆರಿಡನ್ ತೀವ್ರವಾಗಿ ಗಾಯಗೊಂಡ. ಇಂಥ ಸುದ್ದಿಗಳಿಗೆ ಆಗ ಸಿದ್ಧ ಮಾರುಕಟ್ಟೆಯೂ ಇತ್ತು. 1769ರಲ್ಲಿ ಆರಂಭವಾದ ‘ಟೌನ್ ಅಂಡ್ ಕಂಟ್ರಿ ಮ್ಯಾಗಜಿನ್’ ಎಂಬ ಮಾಸಪತ್ರಿಕೆ ದೊಡ್ಡ ಮನೆತನದ ಗಂಡಸೊಬ್ಬನ ಮತ್ತು ಅವನ ಪ್ರೇಯಸಿಯ ಮುಖಚಿತ್ರಗಳನ್ನು ಅಕ್ಕಪಕ್ಕದಲ್ಲಿ ಅಚ್ಚುಮಾಡಿ, ಹೆಸರುಗಳನ್ನು ಅರ್ಧ ಮರೆಮಾಡಿ ಅವರ ಕತೆ ಹೇಳುತ್ತಿತ್ತು. ನಾಟಕ ತೆರೆದುಕೊಳ್ಳುವುದೇ ಲೇಡಿ ಸ್ನೀರ್‌ವೆಲ್ ಎಂಬ ಸಿರಿವಂತ ವಿಧವೆ ತನ್ನ ಅಲಂಕಾರದ ಮೇಜಿನ ಮುಂದೆ ಕುಳಿತು, ಸ್ನೇಕ್ ಎಂಬ ಬಾಡಿಗೆ ಬರಹಗಾರನೊಡನೆ ಯಾವ ಯಾವ ಚಾಡಿ ಪತ್ರಿಕೆಗೆ ಮುಟ್ಟಿತೆಂದು ಲೆಕ್ಕ ಹಾಕುವುದರಿಂದ. ಸ್ನೇಕ್ ಎಂದರೆ ಹಾವು, ಸ್ನೀರ್ ಎಂದರೆ ಕೊಂಕುನಗೆ. ಪಾತ್ರಗಳಿಗೆ ಅವುಗಳ ಗುಣವನ್ನೇ ಹೆಸರಾಗಿಡುವುದು ಆ ಕಾಲದ ನಾಟಕಗಳ ರೂಢಿ. ಒಬ್ಬಳು ಮುಖಕ್ಕೆ ಬಣ್ಣ ಬಳಿದುಕೊಳ್ಳುತ್ತಲೇ ಇನ್ನೊಬ್ಬರ ಹೆಸರಿಗೆ ಮಸಿ ಬಳಿಯುವ ಈ ಮೊದಲ ನೋಟವನ್ನು ಒಳ್ಳೆಯ ನಿರ್ದೇಶಕ ಅವಸರದಲ್ಲಿ ಮುಗಿಸಲಾರ.

ಕತೆಯ ಹಂದರ ಎರಡು ಎಳೆಗಳದು. ಶೆರಿಡನ್ ಮೊದಲು ಪ್ರತ್ಯೇಕವಾಗಿ ಕಟ್ಟತೊಡಗಿದ್ದ ಎರಡು ನಾಟಕಗಳು ಇಲ್ಲಿ ಒಂದಾಗಿವೆ. ಒಂದು ಚಾಡಿಕೋರರ ಕೂಟದ್ದು, ಇನ್ನೊಂದು ವಯಸ್ಸಾದ ಗಂಡ ಮತ್ತು ಹಳ್ಳಿಯಿಂದ ಬಂದ ಅವನ ಚಿಕ್ಕಪ್ರಾಯದ ಹೆಂಡತಿಯದು. ಸರ್ ಪೀಟರ್ ಟೀಜಲ್ ತನ್ನ ಹೆಂಡತಿಯನ್ನು ಮೊದಲು ಕಂಡಾಗ ಆಕೆ ಸಾದಾ ಬಟ್ಟೆಯುಟ್ಟು, ಸೊಂಟಕ್ಕೆ ಬೀಗದ ಕೈಗೊಂಚಲು ಸಿಕ್ಕಿಸಿಕೊಂಡು ಕಸೂತಿ ಹಾಕುತ್ತಿದ್ದಳು. ಈಗ ಲಂಡನ್ನಿನಲ್ಲಿ ಚಳಿಗಾಲದಲ್ಲಿಯೂ ಕೋಣೆಗೆ ಹೂವು ಬೇಕೆನ್ನುತ್ತಾಳೆ. ಸರ್ಫೇಸ್ ಮನೆತನದ ಇಬ್ಬರು ಸೋದರರಲ್ಲಿ ಹಿರಿಯ ಜೋಸೆಫ್ ಊರಿಗೆಲ್ಲ ಸಜ್ಜನ, ಕಿರಿಯ ಚಾರ್ಲ್ಸ್ ದುಂದುಗಾರ. ಸರ್ಫೇಸ್ ಎಂಬ ಮಾತಿಗೆ ಮೇಲ್ಮೈ ಎಂದರ್ಥವಾದುದರಿಂದ ಇಬ್ಬರಲ್ಲಿ ಯಾರು ಯಾರೆಂಬುದು ನೋಡುವವರಿಗೆ ಬೇಗನೆ ತಿಳಿಯುತ್ತದೆ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯನ್ನು ಬಲ್ಲ ಕನ್ನಡಿಗರಿಗೆ, ಮೆಚ್ಚುಗೆ ಪಡೆದ ಮಗ ಮತ್ತು ಮನೆಯ ಕಷ್ಟಕ್ಕೆ ಒದಗುವ ಮಗ ಎಂಬ ಈ ಜೋಡಿ ಹೊಸತೆನಿಸದು. ಜೋಸೆಫನ ಬಾಯಲ್ಲಿ ಸದಾ ಸೂಕ್ತಿಗಳು. ಸಂದರ್ಭ ಯಾವುದಾದರೂ ಅದಕ್ಕೊಂದು ನೀತಿವಾಕ್ಯವನ್ನು ಹೊಸೆದು ಹೇಳುವ ಈ ಚಾಳಿಯ ಮೂಲಕ ಶೆರಿಡನ್ ಆ ಕಾಲದ ಕಣ್ಣೀರಿನ ನಾಟಕಗಳನ್ನೇ ಅಣಕಿಸಿದ್ದಾನೆ. ಮೋಲಿಯೇರನ ‘ತಾರ್ತೂಫ್’ ನಾಟಕದ ಡಾಂಭಿಕನಿಗೆ ಜೋಸೆಫ್ ಹತ್ತಿರದ ನಂಟ. ಆ ನಾಟಕವನ್ನು ಎ.ಎನ್. ಮೂರ್ತಿರಾಯರು ‘ಆಷಾಢಭೂತಿ’ಯಾಗಿ ಕನ್ನಡಕ್ಕೆ ಒಗ್ಗಿಸಿದ್ದಾರೆ. ತಾರ್ತೂಫ್ ದೈವಭಕ್ತಿಯನ್ನು ಬಂಡವಾಳ ಮಾಡಿಕೊಂಡರೆ ಜೋಸೆಫ್ ಸಭ್ಯತೆಯನ್ನು ಮಾಡಿಕೊಂಡಿದ್ದಾನೆ, ಅಷ್ಟೇ ವ್ಯತ್ಯಾಸ.

ಈ ಪಾತ್ರವನ್ನು ಆಡುವುದು ನಟನಿಗೆ ಕಠಿಣ ಪರೀಕ್ಷೆ. ಜೋಸೆಫ್ ಮೊದಲಿನಿಂದಲೇ ಖಳನಂತೆ ಹುಬ್ಬು ಗಂಟಿಕ್ಕಿದರೆ, ಇವನನ್ನು ನಂಬಿದ ಸರ್ ಪೀಟರ್ ಶುದ್ಧ ಪೆದ್ದನಾಗಿ ಕಾಣುತ್ತಾನೆ. ನಿಜವಾಗಿಯೂ ಸಜ್ಜನನಂತೆ ಆಡಿದರೆ, ರಂಗದ ಮೇಲೆ ಇತರರಿದ್ದರೂ ಪ್ರೇಕ್ಷಕರಿಗಷ್ಟೇ ಕೇಳುವಂತೆ ಅವನು ಆಡುವ ಸ್ವಗತಗಳಿಗೆ ಆಧಾರ ತಪ್ಪುತ್ತದೆ. ಮೊದಲ ಪ್ರದರ್ಶನದಲ್ಲಿ ಈ ಪಾತ್ರ ವಹಿಸಿದ್ದ ಜಾನ್ ಪಾಮರ್ ನಯಗಾರಿಕೆಗೆ ರಂಗದ ಹೊರಗೂ ಹೆಸರಾಗಿದ್ದವನು. ಅವನ ಅಭಿನಯವನ್ನು ಕಂಡಿದ್ದ ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ 1822ರಲ್ಲಿ ಬರೆಯುತ್ತ, ಪಾಮರ್ ಪಾತ್ರವನ್ನೂ ಪಾತ್ರದ ನಟನೆಯನ್ನೂ ಒಟ್ಟಿಗೆ ತೋರಿಸುತ್ತಿದ್ದುದರಿಂದ ನೋಡುವವರಿಗೆ ಅವನ ಮೇಲೆ ಸಿಟ್ಟು ಬಾರದೆ ಸಂತೋಷವೇ ಆಗುತ್ತಿತ್ತೆಂದೂ, ತನ್ನ ಕಾಲದ ನಟರು ಜೋಸೆಫನನ್ನು ನಿಜವಾದ ದುಷ್ಟನನ್ನಾಗಿಸಿ ನಾಟಕವನ್ನು ಕೆಡಿಸುತ್ತಿದ್ದಾರೆಂದೂ ವಾದಿಸಿದ. ಇಂಥ ನಾಟಕಗಳ ಲೋಕಕ್ಕೆ ನೀತಿಯ ಪ್ರಶ್ನೆಗಳೇ ಅನ್ವಯಿಸವು ಎಂಬಲ್ಲಿಯವರೆಗೆ ಲ್ಯಾಂಬ್ ಹೋದದ್ದು ಅತಿಯಾಯಿತು. ನಟನೆಯ ಬಗ್ಗೆ ಅವನು ಹೇಳಿದ್ದು ಮಾತ್ರ ಸರಿ. 1937ರಲ್ಲಿ ಲಂಡನ್ನಿನ ಕ್ವೀನ್ಸ್ ಥಿಯೇಟರಿನಲ್ಲಿ ಟೈರೋನ್ ಗತ್ರಿ ನಿರ್ದೇಶಿಸಿದಾಗ ಜೋಸೆಫನಾಗಿ ನಿಂತವನು ಜಾನ್ ಗೀಲ್‌ಗುಡ್. ಪದ್ಯವನ್ನು ಸಂಗೀತದಂತೆ ನುಡಿಯಬಲ್ಲ ನಟನ ಕಂಠಕ್ಕೆ ಈ ಸುಳ್ಳುಗಾರನ ಪಾತ್ರ ಬಂದದ್ದು ಉಚಿತವೇ ಆಗಿತ್ತು.

ಎರಡು ನಿರ್ಣಾಯಕ ಗಳಿಗೆಗಳಲ್ಲಿ ಮೊದಲನೆಯದು ಪಟಗಳ ಹರಾಜು. ಸೋದರರ ಚಿಕ್ಕಪ್ಪ ಸರ್ ಆಲಿವರ್ ಈಸ್ಟ್ ಇಂಡೀಸಿನಲ್ಲಿ ಅಪಾರ ಹಣ ಗಳಿಸಿ ಹಿಂದಿರುಗಿದವನು. ಅಣ್ಣನ ಮಕ್ಕಳ ಗುಣ ಪರೀಕ್ಷಿಸಲು ಪ್ರೀಮಿಯಮ್ ಎಂಬ ಲೇವಾದೇವಿಗಾರನ ವೇಷದಲ್ಲಿ ಚಾರ್ಲ್ಸನ ಮನೆಗೆ ಬರುತ್ತಾನೆ. ಮಾರಲು ಬೇರೇನೂ ಉಳಿಯದ ಚಾರ್ಲ್ಸ್ ಗೋಡೆಯ ಮೇಲಿನ ಪೂರ್ವಿಕರ ಚಿತ್ರಪಟಗಳನ್ನು ಹರಾಜಿಗಿಡುತ್ತಾನೆ. ಹರಾಜುಗಾರನಾದ ಗೆಳೆಯನ ಕೈಗೆ ಸುತ್ತಿಗೆಯ ಬದಲು ಸಿಗುವುದು ಸುರುಳಿ ಸುತ್ತಿದ ವಂಶವೃಕ್ಷ. ಹಿರಿಯರನ್ನು ಅವರ ವಂಶಾವಳಿಯಿಂದಲೇ ಹೊಡೆದು ಮಾರುವ ಈ ವಿನೋದ ಓದುವಾಗ ಒಂದು ಚಮತ್ಕಾರವಾಗಿ ಕಂಡರೆ, ರಂಗದ ಮೇಲೆ ಮೇಜಿಗೆ ಆ ಸುರುಳಿ ಬಡಿದಾಗ ಮೈ ಜುಂ ಎನ್ನಿಸುತ್ತದೆ. ಯುದ್ಧ ಮಾಡಿದ ಸೇನಾಪತಿ ಹತ್ತು ಪೌಂಡಿಗೆ ಹೋಗುತ್ತಾನೆ. ಕುರಿಗಳ ನಡುವೆ ಕುರಿಗಾಹಿಯಂತೆ ಕುಳಿತ ಅಜ್ಜಿಯೊಬ್ಬಳು, ಕುರಿಗಳೇ ಅಷ್ಟು ಬಾಳುತ್ತವೆಂಬ ಶಿಫಾರಸಿನೊಡನೆ, ಐದು ಪೌಂಡು ಹತ್ತು ಶಿಲಿಂಗಿಗೆ ಬಿಕರಿಯಾಗುತ್ತಾಳೆ. ಕೊನೆಗೆ ಒಂದೇ ಒಂದು ಪಟ ಉಳಿಯುತ್ತದೆ, ಅದು ಸರ್ ಆಲಿವರನದು. ಉಳಿದೆಲ್ಲಕ್ಕೆ ಕೊಟ್ಟಷ್ಟು ಹಣವನ್ನು ಅದೊಂದಕ್ಕೇ ಕೊಡುತ್ತೇನೆಂದರೂ ಚಾರ್ಲ್ಸ್ ಮಾರಲೊಪ್ಪುವುದಿಲ್ಲ. ತನಗೆ ಒಳ್ಳೆಯದು ಮಾಡಿದ ಮುದುಕನ ಪಟಕ್ಕೆ ಇರಲೊಂದು ಕೋಣೆ ಇರುವವರೆಗೆ ಅದು ತನ್ನಲ್ಲೇ ಇರುತ್ತದೆಂಬುದು ಅವನ ನಿಲುವು. ಅಣ್ಣನ ಮಗನ ದುಂದುಗಾರಿಕೆಯೆಲ್ಲ ಚಿಕ್ಕಪ್ಪನಿಗೆ ಆ ಗಳಿಗೆಯಲ್ಲಿ ಮರೆತುಹೋಗುತ್ತದೆ. ಪಟದ ಮೂಲಪುರುಷ ಪಟದ ಕೆಳಗೇ, ಎಲ್ಲರಿಗೂ ಕಾಣುವಂತೆ, ಬೇರೊಬ್ಬನಾಗಿ ನಿಂತಿರುವುದು ಪ್ರೇಕ್ಷಕರ ಕಣ್ಣಿಗೆ ಒಟ್ಟಿಗೆ ಬೀಳಬೇಕು; ಗುಟ್ಟು ಹೇಳುವಂತಿಲ್ಲದ ನಟನ ಗಂಟಲು ಕಟ್ಟಬೇಕು. ಪುಸ್ತಕದಲ್ಲಿ ಇದೆಲ್ಲ ಕಂಸದೊಳಗಿನ ಒಂದೆರಡು ಸೂಚನೆಗಳಲ್ಲಿ ಮುಗಿದುಹೋಗುತ್ತದೆ. ಇದೇ ದೃಶ್ಯದಲ್ಲಿ ಮೋಸೆಸ್ ಎಂಬ ಯೆಹೂದಿ ಲೇವಾದೇವಿಗಾರನನ್ನು ಅವನ ಜಾತಿಯ ಮೇಲೆಯೇ ಹಾಸ್ಯ ಮಾಡಿರುವುದು ಇಂದಿನ ಪ್ರದರ್ಶನಗಳಿಗೆ ಮುಜುಗರದ ಸಂಗತಿ, ಮತ್ತು ಅದು ಮುಜುಗರವಾಗಬೇಕಾದ್ದೇ.

ಸರ್ ಆಲಿವರನ ಹಣದ ಮೂಲ ಭಾರತದ ಪ್ರೇಕ್ಷಕರು ಲಕ್ಷ್ಯಗೊಡಬೇಕಾದ ವಿಷಯ. ಈಸ್ಟ್ ಇಂಡಿಯಾ ಕಂಪನಿಯ ಚಾಕರಿಯಲ್ಲಿ ಸಂಪತ್ತು ಕೂಡಿಹಾಕಿ ಇಂಗ್ಲೆಂಡಿಗೆ ಮರಳುತ್ತಿದ್ದವರನ್ನು ಆಗಿನ ಜನ ‘ನೇಬಾಬ್’, ಅಂದರೆ ನವಾಬ, ಎಂದು ಅಸೂಯೆಯಿಂದ ಕರೆಯುತ್ತಿದ್ದರು; ಅದೇ ಫೂಟ್ 1772ರಲ್ಲಿ ಆ ಹೆಸರಿನ ನಾಟಕದಲ್ಲಿ ಅವರನ್ನು ಕಟುವಾಗಿ ಗೇಲಿ ಮಾಡಿದ್ದ. ಶೆರಿಡನ್ನನ ಆಲಿವರ್ ಮಾತ್ರ ಒಳ್ಳೆಯ ಮುದುಕ. ಅವನು ಬಡ ನೆಂಟ ಸ್ಟ್ಯಾನ್ಲಿಯ ವೇಷದಲ್ಲಿ ಜೋಸೆಫನ ಬಳಿ ಸಹಾಯ ಕೇಳಿ, ಚಿಕ್ಕಪ್ಪ ಭಾರತದಿಂದ ರೂಪಾಯಿ, ವರಹಗಳನ್ನು ಕಳಿಸಲಿಲ್ಲವೆ ಎಂದು ವಿಚಾರಿಸುತ್ತಾನೆ; ಇಂಗ್ಲಿಷರು ‘ಪಗೋಡ’ ಎನ್ನುತ್ತಿದ್ದ ಈ ಹೊನ್ನು ವಿಜಯನಗರದ ಕಾಲದಿಂದ ದಕ್ಷಿಣದಲ್ಲೆಲ್ಲ ಚಲಾವಣೆಯಲ್ಲಿದ್ದ ವರಹವೇ. ಚೀನೀ ಪಿಂಗಾಣಿ, ಶಾಲು, ಚಹಾ, ಪಟಾಕಿ, ಕೆಲವು ಕೆಂಪು ಮುನಿಯ ಹಕ್ಕಿಗಳನ್ನು ಬಿಟ್ಟರೆ ಬೇರೇನೂ ಬರಲಿಲ್ಲವೆಂದು ಜೋಸೆಫ್ ಉತ್ತರಿಸುತ್ತಾನೆ. ಹನ್ನೆರಡು ಸಾವಿರ ಪೌಂಡು ಕಳಿಸಿದ್ದ ಚಿಕ್ಕಪ್ಪ ಎದುರಿಗೇ ನಿಂತು ಈ ಉತ್ತರ ಕೇಳುತ್ತಾನೆ. ಆ ಹಣ ಹೇಗೆ ಬಂತೆಂಬುದನ್ನು 1777ರಲ್ಲಿ ಕೇಳದ ಶೆರಿಡನ್, ಹತ್ತು ವರ್ಷಗಳ ತರುವಾಯ ಪಾರ್ಲಿಮೆಂಟಿನ ಸದಸ್ಯನಾಗಿ, ಔಧದ ಬೇಗಂರ ಸಂಪತ್ತನ್ನು ಕಿತ್ತುಕೊಂಡ ಆರೋಪದ ಮೇಲೆ ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರೆನ್ ಹೇಸ್ಟಿಂಗ್ಸನ ವಿರುದ್ಧ 1787ರ ಫೆಬ್ರವರಿಯಲ್ಲಿ ಐದು ಗಂಟೆಗೂ ಮೀರಿ ಮಾತನಾಡಿದ. 1788ರಲ್ಲಿ ವೆಸ್ಟ್‌ಮಿನ್‌ಸ್ಟರ್ ಹಾಲಿನ ವಿಚಾರಣೆಯಲ್ಲಿ ಅವನ ಭಾಷಣ ಕೇಳಲು ಜನ ನಾಟಕಕ್ಕೆ ನುಗ್ಗುವಂತೆ ನುಗ್ಗಿದರು.

ಇನ್ನು ತಡಿಕೆ. ಮರದ ಚೌಕಟ್ಟುಗಳನ್ನು ಕೀಲಿನಿಂದ ಜೋಡಿಸಿ, ಬೇಕಾದಲ್ಲಿ ಬಿಡಿಸಿ ನಿಲ್ಲಿಸುವ ಈ ಮರೆಯನ್ನು ನಾಲ್ಕನೆಯ ಅಂಕದಲ್ಲಿ ಜೋಸೆಫ್ ತನ್ನ ಗ್ರಂಥಾಲಯದ ಕಿಟಕಿಗೆ ಅಡ್ಡ ಇಡಿಸುತ್ತಾನೆ. ಎದುರುಮನೆಯ ಮದುವೆಯಾಗದ ಹೆಂಗಸಿಗೆ ಕುತೂಹಲ ಹೆಚ್ಚೆಂಬುದು ಅವನು ಕೊಡುವ ಕಾರಣ. ಲೇಡಿ ಟೀಜಲ್ ಬರುತ್ತಾಳೆ. ಅವಳ ಮನಸ್ಸನ್ನು ಜಾರಿಸಲು ಅವನು ಯತ್ನಿಸುತ್ತಿರುವಾಗ ಗಂಡ ಬಂದನೆಂಬ ಸುದ್ದಿ ಬಂದು, ಅವಳು ತಡಿಕೆಯ ಹಿಂದೆ ಅಡಗುತ್ತಾಳೆ. ಸರ್ ಪೀಟರ್ ಹೆಂಡತಿಗೂ ಚಾರ್ಲ್ಸನಿಗೂ ಸಂಬಂಧವಿದೆಯೆಂಬ ತನ್ನ ಸಂಶಯವನ್ನು ತೋಡಿಕೊಂಡು, ಆದರೂ ಅವಳಿಗೆ ವರ್ಷಕ್ಕೆ ಎಂಟುನೂರು ಪೌಂಡು, ತನ್ನ ಕಾಲಾನಂತರ ಆಸ್ತಿಯ ಬಹುಪಾಲು ಬರೆದಿಟ್ಟಿದ್ದೇನೆಂದು ಹೇಳುತ್ತಾನೆ. ಅಷ್ಟರಲ್ಲಿ ಚಾರ್ಲ್ಸ್ ಬಂದು, ಸರ್ ಪೀಟರ್ ತಾನೇ ಅಡಗಲು ಹೊರಟು, ತಡಿಕೆಯ ಹಿಂದೆ ಲಂಗದ ಅಂಚು ಕಂಡು ಬೆಚ್ಚುತ್ತಾನೆ; ಅವಳೊಬ್ಬ ಫ್ರೆಂಚ್ ಟೋಪಿ ಹೊಲಿಯುವವಳೆಂದು ಜೋಸೆಫ್ ನಂಬಿಸಿ ಅವನನ್ನು ಪಕ್ಕದ ಕಿರುಕೋಣೆಗೆ ದಬ್ಬುತ್ತಾನೆ. ಚಾರ್ಲ್ಸನ ಮಾತಿನಿಂದ ಅವನ ನಿರಪರಾಧ ಸಿದ್ಧವಾಗಿ, ಸರ್ ಪೀಟರ್ ಹೊರಬಂದು, ಜೋಸೆಫ್ ಕ್ಷಣಕಾಲ ಆಚೆ ಹೋದಾಗ, ಟೋಪಿಯವಳ ಗುಟ್ಟನ್ನು ಚಾರ್ಲ್ಸನ ಕಿವಿಗೆ ಹಾಕುತ್ತಾನೆ. ಚಾರ್ಲ್ಸ್ ತಡಿಕೆಯನ್ನು ಕೆಡವುತ್ತಾನೆ. ಜೋಸೆಫ್ ಸರಿಯಾಗಿ ಆಗಲೇ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಾನೆ.

ಈ ದೃಶ್ಯವನ್ನು ಓದುವವರ ಗಮನ ಮಾತನಾಡುವವರ ಮೇಲಿದ್ದರೆ, ನೋಡುವವರ ಗಮನ ಮಾತನಾಡದ ತಡಿಕೆಯ ಮೇಲಿರುತ್ತದೆ. ಗಂಡನ ಔದಾರ್ಯವನ್ನು ಹೆಂಡತಿ ಕೇಳುತ್ತಿದ್ದಾಳೆ. ಅವಳ ಮುಖ ಕಾಣದು. ನಕ್ಕು ಮುಗಿಸಬಹುದಾದ ಪ್ರಹಸನದ ತಂತ್ರವನ್ನು ಶೆರಿಡನ್ ಒಂದು ದಾಂಪತ್ಯದ ತಿರುವಾಗಿಸಿರುವುದು ಈ ಮರೆಯಿಂದಲೇ. ಆದ್ದರಿಂದ, ಲೇಡಿ ಟೀಜಲ್ ತಡಿಕೆಯ ಸಂದಿನಿಂದ ಪ್ರೇಕ್ಷಕರಿಗೆ ಮುಖ ತೋರಿಸಿ ಕಣ್ಣರಳಿಸುವಂತೆ ಮಾಡುವ ನಿರ್ದೇಶಕರು ಕ್ಷಣದ ನಗೆಗಾಗಿ ದೊಡ್ಡ ಲಾಭವನ್ನು ಬಿಟ್ಟುಕೊಡುತ್ತಾರೆ. ತಡಿಕೆ ಬಿದ್ದಾಗ ಪ್ರೇಕ್ಷಕರು ಅವಳ ಹೊಸ ಮುಖವನ್ನು ಮೊದಲ ಬಾರಿಗೆ ಕಾಣಬೇಕು. ಆಮೇಲೆ ಎಷ್ಟು ಹೊತ್ತಿನ ಮೌನ ಎಂಬುದನ್ನು ಪ್ರತಿ ತಂಡವೂ ಪ್ರತಿ ರಾತ್ರಿಯೂ ಹೊಸದಾಗಿ ಅಳೆಯಬೇಕಾಗುತ್ತದೆ. ಬಾನುಲಿಯಲ್ಲಿ ಪ್ರಸಾರವಾಗುವ ನಾಟಕದಲ್ಲಿ ಈ ತಡಿಕೆ ದಡ್ ಎಂಬ ಒಂದು ಸದ್ದಷ್ಟೇ ಆಗಿ ಉಳಿಯುತ್ತದೆ. ಇನ್ನೊಂದು ತಮಾಷೆಯೂ ಇಲ್ಲಿದೆ. ತಡಿಕೆ ಇರುವುದು ಕಿಟಕಿಯ ಮುಂದೆ, ಲೇಡಿ ಟೀಜಲ್ ಅಡಗಿದ್ದು ತಡಿಕೆಗೂ ಕಿಟಕಿಗೂ ನಡುವೆ. ಎಂದರೆ ಕೋಣೆಯೊಳಗಿನ ಯಾರಿಗೂ ಕಾಣದ ಅವಳು ಎದುರುಮನೆಯ ಕುತೂಹಲದ ಹೆಂಗಸಿಗೆ ಪೂರ್ತಿ ಕಾಣಬೇಕು. ಇದು ಶೆರಿಡನ್ನನ ಕಣ್ತಪ್ಪೆಂದು ಹೇಳುವುದುಂಟು. ಚಾಡಿಯ ನಾಟಕದಲ್ಲಿ ಇಂಥ ಸಾಕ್ಷಿಯೊಬ್ಬಳು ಆಚೆ ಕುಳಿತಿರುವುದು ಎಷ್ಟು ಒಪ್ಪುತ್ತದೆಂದರೆ, ಅದನ್ನು ತಪ್ಪೆನ್ನಲು ಮನಸ್ಸು ಬಾರದು.

ಮೊದಲ ರಾತ್ರಿ ಆ ತಡಿಕೆ ಬಿದ್ದಾಗ ಎದ್ದ ಅಬ್ಬರದ ಬಗ್ಗೆ ಒಂದು ಪ್ರಸಿದ್ಧ ಕತೆಯಿದೆ. ಮುಂದೆ ನಾಟಕಕಾರನಾದ ಫ್ರೆಡರಿಕ್ ರೆನಾಲ್ಡ್ಸ್ ಆಗ ಶಾಲೆಯ ಹುಡುಗ; ನಾಟಕಶಾಲೆಯ ಪಕ್ಕದ ಓಣಿಯಲ್ಲಿ ಹಾದುಹೋಗುತ್ತಿದ್ದವನು ತಲೆಯ ಮೇಲೆ ಕೇಳಿದ ಗದ್ದಲಕ್ಕೆ ಕಟ್ಟಡವೇ ಕುಸಿಯಿತೆಂದು ಹೆದರಿ ಓಡಿದನಂತೆ. ಅಂದಿನ ರಂಗವ್ಯವಸ್ಥೆಯೂ ಈ ಅಬ್ಬರಕ್ಕೆ ಒದಗಿಬಂದಿತ್ತು. ಪ್ರದರ್ಶನದ ವೇಳೆ ಪ್ರೇಕ್ಷಕರ ಕಡೆಯ ಮೇಣದ ಬತ್ತಿಗಳನ್ನು ಆರಿಸುವ ಪದ್ಧತಿ ಇರಲಿಲ್ಲವಾದುದರಿಂದ, ಯಾರು ಯಾರ ಜೊತೆ ಕುಳಿತಿದ್ದಾರೆ, ಯಾವ ಮಾತಿಗೆ ಯಾರು ಮುಖ ತಿರುಗಿಸಿದರು ಎಂಬುದೂ ಪರಸ್ಪರ ಕಾಣುತ್ತಿತ್ತು. ಮೂರನೆಯ ಅಂಕ ಮುಗಿದ ಮೇಲೆ ಅರ್ಧ ದರದಲ್ಲಿ ಒಳಗೆ ಬಿಡುವ ರೂಢಿಯಿದ್ದುದರಿಂದ ತಡವಾಗಿ ಬಂದವರಿಗೂ ಪಟಗಳ ಹರಾಜು, ತಡಿಕೆಯ ದೃಶ್ಯ ಎರಡೂ ಸಿಗುತ್ತಿದ್ದವು. ಹಿಂದಿನ ವರ್ಷವಷ್ಟೇ ಹೆಸರಾಂತ ನಟ ಗ್ಯಾರಿಕ್‌ನ ಪಾಲನ್ನು ಇತರರೊಡನೆ 35,000 ಪೌಂಡಿಗೆ ಕೊಂಡು ನಾಟಕಶಾಲೆಯ ಒಡೆಯನಾಗಿದ್ದ ಶೆರಿಡನ್ನನಿಗೆ ಗಲ್ಲಾಪೆಟ್ಟಿಗೆಯ ಈ ಲೆಕ್ಕ ಹೊಳೆಯದೆ ಇದ್ದಿರಲಾರದು.

ಐದನೆಯ ಅಂಕದಲ್ಲಿ ಚಾಡಿಕೋರರು ಮರಳಿ ಬರುತ್ತಾರೆ. ಅದುವರೆಗೆ ಅವರು ಹೇಳುವ ಕತೆಗಳಲ್ಲಿ ನಿಜವೆಷ್ಟು ಸುಳ್ಳೆಷ್ಟು ಎಂದು ತಿಳಿಯುವ ದಾರಿ ಪ್ರೇಕ್ಷಕರಿಗಿಲ್ಲ. ಕಾಣದವರ ಬಗೆಗಿನ ಕೊಂಕುಗಳಿಗೆ ಅವರು ಮನಸಾರೆ ನಕ್ಕಿರುತ್ತಾರೆ, ಎಂದರೆ ತಾವೂ ಆ ಪಾಠಶಾಲೆಗೆ ಸೇರಿಬಿಟ್ಟಿರುತ್ತಾರೆ. ಈಗ ಮಾತ್ರ ನಡೆದದ್ದನ್ನು ಕಣ್ಣಾರೆ ಕಂಡವರು ಅದರ ವರದಿಯನ್ನು ಕೇಳಬೇಕಾಗಿದೆ. ಕಾಳಗ ನಡೆಯಿತೆಂದು ಒಬ್ಬ, ಕತ್ತಿಯಿಂದಲೆಂದು ಒಬ್ಬ, ಪಿಸ್ತೂಲಿನಿಂದಲೆಂದು ಇನ್ನೊಬ್ಬ. ಕ್ರ್ಯಾಬ್‌ಟ್ರೀ ಎಂಬ ಮುದುಕನ ವರದಿಯಲ್ಲಿ ಗುಂಡು ಅಗ್ಗಿಷ್ಟಿಕೆಯ ಮೇಲಿನ ಪುಟ್ಟ ಕಂಚಿನ ಪ್ರತಿಮೆಗೆ ಬಡಿದು, ಕಿಟಕಿಯಿಂದ ಹೊರಚಿಮ್ಮಿ, ನಾರ್ತಾಂಪ್ಟನ್‌ಶೈರಿನಿಂದ ಬಂದ ದುಪ್ಪಟ್ಟು ಅಂಚೆವೆಚ್ಚದ ಕಾಗದವನ್ನು ತಲುಪಿಸಲು ಬಾಗಿಲಿಗೆ ಬರುತ್ತಿದ್ದ ಅಂಚೆಯವನನ್ನು ಗಾಯಗೊಳಿಸುತ್ತದೆ. ಕಾಗದ ಬಂದ ಊರು, ಅದರ ದರ ಎಲ್ಲವೂ ಖಚಿತ, ಕಾಳಗವೊಂದೇ ಆಗಿಲ್ಲ. ಪ್ರಾಣಾಪಾಯವಾಗುವಷ್ಟು ಗಾಯಗೊಂಡನೆನ್ನಲಾದ ಸರ್ ಪೀಟರ್ ಆಗ ನಡೆದುಕೊಂಡೇ ಒಳಗೆ ಬರುತ್ತಾನೆ. ಕಾಳಗದ ಸುದ್ದಿಗಳು ಬಾಯಿಂದ ಬಾಯಿಗೆ ಹೇಗೆ ಬೆಳೆಯುತ್ತವೆಂದು ಸ್ವಂತ ಅನುಭವದಿಂದ ಬಲ್ಲವನಲ್ಲದೆ ಬೇರೆಯವರು ಆ ಅಂಚೆಯವನನ್ನು ಕಲ್ಪಿಸುವುದು ಕಷ್ಟ.

ನಾಟಕದ ಮುಕ್ತಾಯದಲ್ಲಿ ಶೆರಿಡನ್ ಸುಧಾರಣೆಗೆ ಬೇಕಾದಷ್ಟು ಅವಕಾಶ ಕೊಟ್ಟು, ಅದಕ್ಕೆ ತಾನೇ ಚುಚ್ಚುತ್ತಾನೆ. ಲೇಡಿ ಟೀಜಲ್ ತನಗೆ ದೊರೆತ ಪದವಿಪತ್ರವನ್ನು ಅಪವಾದದ ವಿದ್ಯಾಲಯಕ್ಕೆ ಹಿಂದಿರುಗಿಸುತ್ತಾಳೆ. ಸುಳ್ಳು ಹೇಳಲು ಹಣ ಪಡೆದು, ನಿಜ ಹೇಳಲು ಅದರ ಎರಡರಷ್ಟು ಪಡೆದ ಸ್ನೇಕ್, ತಾನು ಮಾಡಿದ ಈ ಒಂದು ಒಳ್ಳೆಯ ಕೆಲಸ ಹೊರಗೆ ತಿಳಿಯದಂತೆ ದಯವಿಟ್ಟು ನೋಡಿಕೊಳ್ಳಬೇಕೆಂದು ಬೇಡಿಕೊಳ್ಳುತ್ತಾನೆ. ಕೆಟ್ಟ ಹೆಸರೇ ಅವನ ಅನ್ನ. ಇವೆರಡರ ಮೇಲೆ ಒಂದು ಭರತವಾಕ್ಯದಂತೆ, ಅಂದಿನ ವಾಡಿಕೆಯ ಪ್ರಕಾರ, ಪ್ರೇಕ್ಷಕರನ್ನು ನೇರವಾಗಿ ಉದ್ದೇಶಿಸಿ ನಟಿಯೊಬ್ಬಳು ಹೇಳುವ ಉಪಸಂಹಾರ ಪದ್ಯವಿದೆ. ಅದನ್ನು ಬರೆದವನು ಜಾರ್ಜ್ ಕೋಲ್ಮನ್, ಮೊದಲು ನುಡಿದವಳು ಲೇಡಿ ಟೀಜಲ್ ಆಗಿದ್ದ ಫ್ರಾನ್ಸಿಸ್ ಅಬಿಂಗ್ಟನ್. ಒಥೆಲೊ ತನ್ನ ಸೈನಿಕಜೀವನಕ್ಕೆ ವಿದಾಯ ಹೇಳುವ ಘನವಾದ ಮಾತಿನ ಅಣಕವಾಗಿ, ಸುಧಾರಿಸಿದ ಹೆಂಡತಿ ಇಲ್ಲಿ ಲಂಡನ್ನಿನ ಇಸ್ಪೀಟು, ಕೂಟ, ಪೋಷಾಕುಗಳಿಗೆ ಒಂದೊಂದಾಗಿ ವಿದಾಯ ಹೇಳುತ್ತ ಹಲುಬುತ್ತಾಳೆ. ಇಂದಿನ ಹೆಚ್ಚಿನ ಪ್ರದರ್ಶನಗಳು ಅದನ್ನು ಕೈಬಿಡುತ್ತವೆ. ಕೈಬಿಟ್ಟಾಗ ಲೇಡಿ ಟೀಜಲ್ ತೀರ ಸಲೀಸಾಗಿ ಒಳ್ಳೆಯವಳಾಗಿಬಿಡುತ್ತಾಳೆ. ಅಬಿಂಗ್ಟನ್ನಳಂತೆ ಮುಂದೆ ಬಂದು ನಿಂತು, ಹಳ್ಳಿಯ ಮನೆಯಲ್ಲಿ ಮುಂದೆ ಕಾಲವನ್ನು ಹೇಗೆ ಕಳೆಯಬೇಕೋ ಎಂಬ ಚಿಂತೆಯನ್ನು ಅಷ್ಟು ಮುದ್ದಾಗಿ ಹೇಳಬಲ್ಲ ನಟಿ ದೊರೆತ ತಂಡ, ಆ ಪದ್ಯವನ್ನು ಉಳಿಸಿಕೊಳ್ಳುವುದೇ ಲೇಸು.